ಅವ್ವನ ಕಾಲಿನ ಗೆರೆ

ಕಾಗಾಲದ ನಮ್ಮ ಮನೆಗೆ ಬರುತ್ತಿದ್ದವರಲ್ಲಿ ಅರ್ಧ ಜನ ಅಜ್ಜಿಯನ್ನು ನೋಡಲು ಬರುತ್ತಿರಲಿಲ್ಲ, ಅಜ್ಜಿಯ ಡಬ್ಬಿಗಾಗಿ ಬರುತ್ತಿದ್ದರು. ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ ಅದು. ಅಡುಗೆಮನೆಯಲ್ಲಿ ಒಲೆಯ ಮೇಲಿನ ಹಲಗೆಯಲ್ಲಿ, ಉಪ್ಪಿನ ಮರಿಗೆಗೂ ಮುರುಗಲ ಹುಳಿಯ ಭರಣಿಗೂ ನಡುವೆ ಅದರ ಜಾಗ. ಒಳಗಿದ್ದದ್ದು ಗುಳಿಗೆಗಳು. ನಮ್ಮ ಮನೆಯಲ್ಲಿ ಯಾರಿಗೇ ಕಾಯಿಲೆಯಾಗಲಿ, ಡಾಕ್ಟರು ಕೊಟ್ಟ ಗುಳಿಗೆಯಲ್ಲಿ ಎರಡು ದಿನದ್ದನ್ನು ತಿಂದು, ಜ್ವರ ಬಿಟ್ಟ ಕೂಡಲೇ ಉಳಿದದ್ದನ್ನು ಆ ಡಬ್ಬಿಗೆ ಹಾಕಬೇಕು. ಅದು ಅಜ್ಜಿಯ ಕಾನೂನು. ಅಜ್ಜಿಗೆ ಓದು ಬರುತ್ತಿರಲಿಲ್ಲ, ಆದರೆ ಬಣ್ಣ ಗೊತ್ತಿತ್ತು. ಹಳದಿಯದು ಹೊಟ್ಟೆಗೆ, ಬಿಳಿಯ ಚಪ್ಪಟೆಯದು ತಲೆಗೆ, ಕೆಂಪು ಕಪ್ಪಿನದು ಗಾಯಕ್ಕೂ ಗಂಟಲಿಗೂ. ಕೇರಿಯಲ್ಲಿ ಯಾರದೋ ಕಿವಿ ಸೋರಿದರೆ, ಯಾರದೋ ಹಲ್ಲು ಊದಿದರೆ, ಅವರು ನಮ್ಮ ಜಗಲಿಗೆ ಬಂದು ಕೂರುತ್ತಿದ್ದರು. ಅಜ್ಜಿ ಒಂದಿಷ್ಟು ಬೈದು, ಒಂದಿಷ್ಟು ನೀರು ಬೆಲ್ಲ ಕೊಟ್ಟು, ಒಳಗೆ ಹೋಗಿ ಡಬ್ಬಿ ತೆಗೆಯುತ್ತಿದ್ದಳು. ಮಜ್ಜಿಗೆ ಕೊಟ್ಟಂತೆ, ಹೆಪ್ಪು ಕೊಟ್ಟಂತೆ, ಗುಳಿಗೆ ಕೊಡುವುದೂ ಅವಳಿಗೆ ಮನೆಯ ಮರ್ಯಾದೆಯ ಮಾತಾಗಿತ್ತು. ಯಾರನ್ನೂ ಬರಿಗೈಯಲ್ಲಿ ಕಳಿಸಿದ ಮನೆಯಲ್ಲ ಇದು ಎಂದು ಅವಳು ಹೇಳುತ್ತಿದ್ದಳು. ಆ ಡಬ್ಬಿಯ ಬಗ್ಗೆ ನನಗೂ ಜಂಬವಿತ್ತು, ಸುಳ್ಳು ಹೇಳುವುದಿಲ್ಲ.

ಮನೆ ಎಂದರೆ ಜಗಲಿ, ನಡುವಿನ ಕತ್ತಲೆ ಕೋಣೆ, ಅಡುಗೆಮನೆ, ಅಷ್ಟೇ. ಜಗಲಿಯಲ್ಲಿ ಕುಳಿತರೆ ಉಬ್ಬರಕ್ಕೆ ಉಪ್ಪುನೀರು ಹೊಕ್ಕು ಇಳಿತಕ್ಕೆ ಹೊರಡುವ ಗಜನಿ ಗದ್ದೆ ಕಾಣುತ್ತಿತ್ತು, ಅದರಾಚೆ ಅಘನಾಶಿನಿ ಹೊಳೆ. ಆ ಗದ್ದೆಯಲ್ಲಿ ಬೆಳೆದ ಕೆಂಪು ಕಗ್ಗದ ಅಕ್ಕಿಯ ಗಂಜಿ, ಮೇಲೆ ಒಣಮೀನಿನ ಚಟ್ನಿ, ಇದು ಬೆಳಗಿನ ಊಟ. ಅಪ್ಪ ಮಲ್ಪೆಯ ಬೋಟಿನಲ್ಲಿ ಕೆಲಸಕ್ಕಿದ್ದ, ತಿಂಗಳಿಗೊಮ್ಮೆ ಬರುತ್ತಿದ್ದ. ಹಾಗಾಗಿ ಮನೆಯಲ್ಲಿ ಇದ್ದವರು ಮೂರು ಹೆಂಗಸರು, ಅಪ್ಪನ ಅಮ್ಮನಾದ ಅಜ್ಜಿ, ನನ್ನ ಅವ್ವ, ಮತ್ತು ನಾಲ್ಕನೇ ಕ್ಲಾಸಿನ ನಾನು. ಅಜ್ಜಿಗೂ ಅವ್ವನಿಗೂ ಜಗಳ ದಿನಾ ಇರುತ್ತಿತ್ತು. ಸಾರಿಗೆ ಹುಳಿ ಹೆಚ್ಚಾಯಿತು, ಕೋಳಿ ಬುಟ್ಟಿ ಮುಚ್ಚಲಿಲ್ಲ, ಇಂಥವೇ. ಜಗಳ ಮುಗಿದ ಮೇಲೆ ಅಜ್ಜಿ ಒರಳಿನ ಮುಂದೆ ಕುಳಿತು ಹಾಡು ಹೇಳುತ್ತ ರುಬ್ಬುತ್ತಿದ್ದಳು, ಅವ್ವ ಕೊನೆಯ ಸಾಲನ್ನು ಹಿಡಿದು ಹಾಡುತ್ತಿದ್ದಳು. ಅವರು ರಾಜಿಯಾದರು ಎಂದು ನನಗೆ ತಿಳಿಯುತ್ತಿದ್ದುದು ಹಾಗೆ.

ನೀರು ಇಳಿದ ಹೊತ್ತಿನಲ್ಲಿ ಅವ್ವ ಹೊಳೆಗೆ ಬಳಚು ಎಂಬ ಚಿಪ್ಪುಮೀನು ಆರಿಸಲು ಹೋಗುತ್ತಿದ್ದಳು. ಒಂದು ದಿನ ಬುಟ್ಟಿ ಅರ್ಧವೂ ತುಂಬದೆ ಕುಂಟುತ್ತ ಬಂದಳು. ಕಲ್ಲಿಗೆ ಅಂಟಿದ ಚಿಪ್ಪು ಬಲಗಾಲಿನ ಕಿರುಬೆರಳಿನ ಬುಡವನ್ನು ಸೀಳಿತ್ತು. ಅಜ್ಜಿ ಗಾಯ ತೊಳೆದಳು, ಡಬ್ಬಿಯಿಂದ ಒಂದು ಕೆಂಪು ಕಪ್ಪಿನ ಕ್ಯಾಪ್ಸೂಲು ತೆಗೆದು ಉಗುರಿನಿಂದ ಬಿಚ್ಚಿ, ಒಳಗಿನ ಪುಡಿಯನ್ನು ಗಾಯದ ಮೇಲೆ ಉದುರಿಸಿ ಹಳೆಯ ಲುಂಗಿಯ ಚೂರು ಕಟ್ಟಿದಳು. ನಮ್ಮ ಕೇರಿಯಲ್ಲಿ ಎಲ್ಲರೂ ಮಾಡುತ್ತಿದ್ದುದು ಹಾಗೇ. ಮೂರನೆಯ ದಿನ ಪಾದ ಕೆಂಪಾಗಿ ಊದಿ ಬೆರಳುಗಳ ನಡುವಿನ ಸಂದು ಮುಚ್ಚಿಹೋಯಿತು, ಅವ್ವನ ಮೈ ಕೆಂಡವಾಯಿತು. ಪಕ್ಕದ ಮನೆಯ ನಾಗಮ್ಮತ್ತೆ ಬಂದು ನೋಡಿ, ಮೇಲಿನ ಕೇರಿಯ ಒಬ್ಬಾತನಿಗೆ ಹೀಗೇ ಆಗಿ ಮೊಣಕಾಲಿನ ತನಕ ಕತ್ತರಿಸಿದರಂತೆ ಎಂದು ಹೇಳಿದಳು. ಅವಳು ಒಳ್ಳೆಯ ಹೆಂಗಸು, ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಆ ಮಾತು ನನ್ನ ಹೊಟ್ಟೆಯೊಳಗೆ ಇಳಿದು ಕೂತುಬಿಟ್ಟಿತು. ಆಮೇಲೆ ನಡೆದದ್ದಕ್ಕೆಲ್ಲ ಆ ಹೆದರಿಕೆಯೇ ಮೂಲ.

ಟೆಂಪೋ ಹತ್ತಿ ಕುಮಟೆಗೆ ಹೋದೆವು. ಡಾಕ್ಟರು ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಗಾಯ ತೊಳೆಯುವಾಗ ಪುಡಿಯ ಹೆಕ್ಕಳೆ ಕಿತ್ತು ಬಂತು, ಇದೆಂಥದು ಎಂದು ಕೇಳಿದರು. ಅಜ್ಜಿ ಗೋಡೆಯ ಮೇಲಿನ ಕ್ಯಾಲೆಂಡರನ್ನು ನೋಡತೊಡಗಿದಳು. ಯಾವುದಾದರೂ ಔಷಧಿಗೆ ಹಿಂದೆ ಮೈ ತುರಿಕೆ, ಮುಖ ಊದುವುದು ಆಗಿತ್ತೇ ಎಂದು ಅವ್ವನನ್ನು ಕೇಳಿ, ಇಲ್ಲವೆಂದ ಮೇಲೆ ಚೀಟಿ ಬರೆದರು. ಆಮೇಲೆ ಅವರು ಮಾಡಿದ ಒಂದು ಕೆಲಸ ನನಗೆ ವಿಚಿತ್ರವಾಗಿ ಕಂಡಿತು. ಜೇಬಿನ ನೀಲಿ ಪೆನ್ನು ತೆಗೆದು, ಅವ್ವನ ಕಾಲಿನಲ್ಲಿ ಕೆಂಪು ಎಲ್ಲಿಯ ತನಕ ಏರಿತ್ತೋ ಅದರಿಂದ ಸ್ವಲ್ಪ ಮೇಲೆ, ಹರಡಿನ ಗಂಟಿನ ಸುತ್ತ ಒಂದು ಗೆರೆ ಎಳೆದರು. ಅವ್ವ ಜ್ವರದಲ್ಲಿ ತೂಕಡಿಸುತ್ತಿದ್ದಳು, ಅಜ್ಜಿ ಇನ್ನೂ ಕ್ಯಾಲೆಂಡರು ನೋಡುತ್ತಿದ್ದಳು. ಡಾಕ್ಟರು ನನ್ನನ್ನು ಹತ್ತಿರ ಕರೆದರು.

“ನಿಂಗೆ ಓದೋಕೆ ಬರ್ತದಲ್ಲ? ಹಾಗಾದ್ರೆ ಕೇಳು. ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟ ಆದ್ಮೇಲೆ. ಏಳು ದಿನ, ಹದಿನಾಲ್ಕು. ಜ್ವರ ಬಿಟ್ರೂ ನಿಲ್ಸಬಾರ್ದು. ಒಂದು ಹೊತ್ತು ಮರ್ತ್ರೆ ಆಮೇಲೆ ಎರಡು ಒಟ್ಟಿಗೆ ಕೊಡಬಾರ್ದು. ಈ ಗೆರೆ ದಾಟಿ ಕೆಂಪು ಮೇಲೆ ಬಂದ್ರೆ ಆವತ್ತೇ ಕರ್ಕೊಂಡು ಬರ್ಬೇಕು. ಗೆರೆ ಮಾಸಿದ್ರೆ ಅದೇ ಜಾಗದಲ್ಲಿ ತಿದ್ದು.”

ಹತ್ತು ವರ್ಷವೂ ತುಂಬದ ಹುಡುಗಿಗೆ ಒಂದು ಕಾಲನ್ನು ವಹಿಸಿಕೊಟ್ಟರು. ನಾನು ಬೀಗಿದೆ. ಔಷಧಿ ಅಂಗಡಿಯವನು ಪೊಟ್ಟಣದ ಮೇಲೆ ಒಂದು, ಸೊನ್ನೆ, ಒಂದು ಎಂದು ಬರೆದದ್ದನ್ನು ಟೆಂಪೋದಲ್ಲಿ ಅಕ್ಕಪಕ್ಕದವರಿಗೆ ಕೇಳುವಂತೆ ಓದಿದೆ. ಮನೆಗೆ ಬಂದು ಅಕ್ಕಿ ಪೆಟ್ಟಿಗೆಯ ಪಕ್ಕದ ಗೋಡೆಯಲ್ಲಿ ಇದ್ದಿಲಿನಿಂದ ಒಂದು ಗುಳಿಗೆಗೆ ಒಂದು ಗೀಟು ಹಾಕತೊಡಗಿದೆ. ಅವ್ವ ಗಂಜಿ ಕುಡಿದ ಮೇಲೆ ನಾನು ಗುಳಿಗೆ ಕೊಡುವುದು, ಅವಳು ನುಂಗಿ ಬಾಯಿ ತೆರೆದು ತೋರಿಸುವುದು. ಶಾಲೆಗೆ ಹೋಗುವ ಮೊದಲು ಹರಡಿನ ಗೆರೆಯನ್ನು ನನ್ನ ಪೆನ್ನಿನಿಂದ ತಿದ್ದುವುದು. ಕೆಂಪು ದಿನದಿನವೂ ಕೆಳಗಿಳಿಯಿತು. ಗುಳಿಗೆ ಶುರು ಮಾಡಿದ ನಾಲ್ಕನೆಯ ದಿನ ಜ್ವರ ಪೂರ್ತಿ ಬಿಟ್ಟಿತ್ತು, ಅವ್ವ ಎದ್ದು ಒಲೆಗೆ ಬೆಂಕಿ ಹಾಕಿದಳು. ಆ ರಾತ್ರಿ ಎಂಟನೆಯ ಗೀಟು ಹಾಕಿದೆ.

ಐದನೆಯ ದಿನ ಬೆಳಿಗ್ಗೆ ಗುಳಿಗೆ ತೆಗೆಯಲು ಹೋದರೆ ಪೊಟ್ಟಣ ಅಲ್ಲಿರಲಿಲ್ಲ. ಅಜ್ಜಿ ಅದಾಗಲೇ ಡಬ್ಬಿಗೆ ಸೇರಿಸಿದ್ದಳು. ಜ್ವರ ಬಿಟ್ಟ ಮೇಲೆ ತಿಂದರೆ ಉಷ್ಣ, ಉಳಿದರೆ ಯಾರಿಗಾದರೂ ಆಗುತ್ತದೆ ಎಂದಳು. ನನಗೆ ಡಾಕ್ಟರ ಮಾತು ನಾಲಿಗೆಯ ತುದಿಯಲ್ಲಿತ್ತು. ಅವ್ವನ ಮುಖ ನೋಡಿದೆ. ಅವಳು ತಲೆ ತಗ್ಗಿಸಿ ಹೆಂಚಿನ ಮೇಲೆ ರೊಟ್ಟಿ ತಿರುವುತ್ತಿದ್ದಳು. ಅವಳಿಗೆ ಆ ಗುಳಿಗೆಯಿಂದ ಹೊಟ್ಟೆ ತೊಳಸುತ್ತಿತ್ತು, ನಿಂತರೆ ಸಾಕು ಎಂದು ಅವಳಿಗೂ ಇತ್ತು. ನಾನು ಒಂದೇ ಸಲ, ಮೆಲ್ಲಗೆ, ಇನ್ನೂ ಆರು ಇದೆಯಲ್ಲ ಎಂದೆ.

“ಆರು ಅದೆ ಅಂದ್ರೆ ಆರು ಜನಕ್ಕೆ ಆತು,” ಅಂದಳು ಅಜ್ಜಿ. “ನೀ ಶಾಲೆಗೆ ಹೋಗು.”

ನಾನು ಶಾಲೆಗೆ ಹೋದೆ. ಸಂಜೆ ಬಂದಾಗ ಅಡುಗೆಮನೆಯಲ್ಲಿ ದೊಡ್ಡದೊಂದು ಮೊಗೆಕಾಯಿ ಇತ್ತು. ನಾಗಮ್ಮತ್ತೆಯ ಗಂಡನಿಗೆ ಹಲ್ಲಿನ ಬುಡ ಊದಿತ್ತಂತೆ, ಅಜ್ಜಿ ಅವ್ವನ ಗುಳಿಗೆಯಲ್ಲಿ ನಾಲ್ಕನ್ನು ಕೊಟ್ಟಿದ್ದಳು. ಅವರು ತಮ್ಮ ಹಿತ್ತಿಲ ಮೊಗೆಕಾಯಿ ಕಳಿಸಿದ್ದರು. ಆ ರಾತ್ರಿ ಮೊಗೆಕಾಯಿ ಹುಳಿ. ನಾನು ಎರಡು ಸಲ ಹಾಕಿಸಿಕೊಂಡು ಉಂಡೆ. ಇವತ್ತಿಗೂ ನಾನು ಮೊಗೆಕಾಯಿ ಮನೆಗೆ ತರುವುದಿಲ್ಲ, ಗಂಡ ಮಕ್ಕಳಿಗೆ ಅದು ಮೈಗೆ ಆಗುವುದಿಲ್ಲ ಎಂದು ಏನೋ ಒಂದು ಹೇಳಿ ತಪ್ಪಿಸಿಕೊಂಡಿದ್ದೇನೆ.

ಆರನೆಯ ದಿನ ಬೆಳಿಗ್ಗೆ ಅವ್ವ ಜಗಲಿಯ ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ಅವಳು ಆ ಹೊತ್ತಿಗೆ ಎಂದೂ ಮಲಗಿದವಳಲ್ಲ. ಪೆನ್ನು ಹಿಡಿದು ಗೆರೆ ತಿದ್ದಲು ಹೋದವಳು ಅಲ್ಲೇ ಕೂತುಬಿಟ್ಟೆ. ಕೆಂಪು ಮತ್ತೆ ಏರಿತ್ತು. ಗೆರೆಯನ್ನು ಮುಟ್ಟಿ, ಒಂದು ಕಡೆ ಕೂದಲೆಳೆಯಷ್ಟು ದಾಟಿತ್ತು. ನನಗೆ ಮಾಡಬೇಕಾದದ್ದು ಗೊತ್ತಿತ್ತು. ಅಜ್ಜಿಯನ್ನು ಕರೆಯಬೇಕು, ಕುಮಟೆಗೆ ಹೋಗಬೇಕು. ಕುಮಟೆಗೆ ಹೋದರೆ ಕಾಲು ಕತ್ತರಿಸುತ್ತಾರೆ. ಮೊಣಕಾಲಿನಿಂದ ಕೆಳಗೆ ಏನೂ ಇಲ್ಲದ ಅವ್ವ ಜಗಲಿಯ ಮೆಟ್ಟಿಲಿಳಿಯುವುದು ಹೇಗೆ, ಹೊಳೆಗೆ ಹೋಗುವುದು ಹೇಗೆ ಎಂದು ಯೋಚಿಸಿದೆ. ಹೆಬ್ಬೆರಳಿಗೆ ಉಗುಳು ಹಚ್ಚಿಕೊಂಡು ಡಾಕ್ಟರ ಗೆರೆಯನ್ನು ಉಜ್ಜಿದೆ. ಪೂರ್ತಿ ಹೋಗಲಿಲ್ಲ, ಮಾಸಲಾಯಿತು. ಅದರಿಂದ ಎರಡು ಬೆರಳು ಮೇಲೆ ಹೊಸ ಗೆರೆ ಎಳೆದೆ. ಎಳೆದ ಮೇಲೆ ನೋಡಿದರೆ ಕೆಂಪು ಗೆರೆಯ ಒಳಗೇ ಇತ್ತು. ನಿಜವಾಗಿ ಹೇಳುತ್ತೇನೆ, ನನಗೆ ಸಮಾಧಾನವಾಯಿತು.

ಮರುದಿನ ಬೆಳಿಗ್ಗೆ ಅದನ್ನೂ ಮುಟ್ಟಿತ್ತು. ಮತ್ತೆ ಎರಡು ಬೆರಳು ಮೇಲೆ ಎಳೆದೆ. ಮಧ್ಯಾಹ್ನ ಶಾಲೆಯಿಂದ ಬಂದಾಗ ಅವ್ವ ಚಳಿಯಿಂದ ನಡುಗುತ್ತಿದ್ದಳು, ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟಿಸುತ್ತಿತ್ತು. ನಾಗಮ್ಮತ್ತೆ, ಆಸ್ಪತ್ರೆಗೆ ಹೋಗುವುದು ಒಳ್ಳೆಯದಲ್ಲವೇ ಎಂದಳು. ಅಜ್ಜಿ ಕಂಬಳಿ ಸರಿಸಿ, ಬಗ್ಗಿ, ಅವ್ವನ ಕಾಲನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದಳು. ಓದು ಬಾರದ ಅಜ್ಜಿ ಗೆರೆ ಓದಲು ಕಲಿತಿದ್ದಳು.

“ಗೆರೆ ದಾಟಲಿಲ್ಲ. ಡಾಕ್ಟ್ರು ಹಾಕಿದ ಗೆರೆ ಒಳಗೇ ಅದೆ. ಇದು ಬರೀ ಚಳಿಜ್ವರ, ಕಷಾಯ ಮಾಡ್ತೆ.”

ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಅಜ್ಜಿ ಅಷ್ಟು ನಂಬಿಕೆಯಿಂದ ಯಾವುದನ್ನೂ ನೋಡಿದ್ದನ್ನು ನಾನು ಕಂಡಿರಲಿಲ್ಲ. ನನ್ನ ಪೆನ್ನಿನ ಒಂದು ಗೀರು ಅವ್ವನನ್ನು ಮನೆಯಲ್ಲಿ ಕಟ್ಟಿಹಾಕಿತ್ತು. ಅವತ್ತು ಸಂಜೆ ಅಜ್ಜಿ ರುಬ್ಬಲಿಲ್ಲ, ಹಾಡಲಿಲ್ಲ. ದೇವರ ಗೂಡಿನ ಮುಂದೆ ನಿಂತು, ಸೊಸೆ ಎದ್ದು ಓಡಾಡಿದರೆ ಇಡಗುಂಜಿಗೆ ಬಂದು ಪಂಚಕಜ್ಜಾಯ ಮಾಡಿಸುತ್ತೇನೆ ಎಂದು ಹೇಳಿಕೊಂಡಳು. ನಾನೂ ಅವಳ ಹಿಂದೆ ನಿಂತು ಕೈ ಮುಗಿದೆ, ಆದರೆ ಕೇಳಿಕೊಂಡದ್ದು ಬೇರೆ. ಕೆಂಪನ್ನು ನಾನು ಎಳೆದ ಗೆರೆಯೊಳಗೆ ನಿಲ್ಲಿಸು ಎಂದು ಗಣಪತಿಯನ್ನು ಬೇಡಿದೆ.

ನಿಲ್ಲಲಿಲ್ಲ. ಎಂಟನೆಯ ದಿನ ಬೆಳಿಗ್ಗೆ ಅವ್ವ ನನ್ನನ್ನು ತನ್ನ ತಂಗಿಯ ಹೆಸರು ಹಿಡಿದು ಕರೆದು, ಬಳಚಿನ ಬುಟ್ಟಿ ತೇಲಿಹೋಗುತ್ತಿದೆ, ಹಿಡಿ ಎಂದಳು. ಅಜ್ಜಿಯ ಮುಖ ಬಿಳಿಚಿತು. ನಾಗಮ್ಮತ್ತೆಯ ಗಂಡ ಓಡಿಹೋಗಿ ಟೆಂಪೋ ತಂದ. ಹೊರಡುವ ಗಡಿಬಿಡಿಯಲ್ಲಿ ನಾನು ಒಲೆಯ ಮೇಲಿನ ಹಲಗೆಯಿಂದ ಡಬ್ಬಿ ತೆಗೆದು ಶಾಲೆಯ ಚೀಲಕ್ಕೆ ತುರುಕಿಕೊಂಡೆ. ಯಾಕೆ ಎಂದು ಆಗ ನನಗೇ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಅದು ಚೀಲದೊಳಗೆ ಗಲಗಲ ಅನ್ನುತ್ತಿತ್ತು, ಅಜ್ಜಿ ಒಮ್ಮೆ ಚೀಲದ ಕಡೆ ನೋಡಿ ಮತ್ತೆ ಹೊರಗೆ ನೋಡಿದಳು.

ಡಾಕ್ಟರು ಕಾಲು ನೋಡಿದವರೇ ಗಾಬರಿಯಾದರು. ಅದನ್ನು ಮುಚ್ಚಿಕೊಳ್ಳಲು ನೋಡಿದರು, ಆದರೆ ಹೆದರಿದ ಮಕ್ಕಳಿಗೆ ದೊಡ್ಡವರ ಮುಖ ಚೆನ್ನಾಗಿ ಅರ್ಥವಾಗುತ್ತದೆ. ಗುಳಿಗೆ ಎಲ್ಲ ಮುಗಿಸಿದ್ದಾಳೆಯೇ ಎಂದು ಕೇಳಿದರು.

“ಎಲ್ಲಾ ಮುಗ್ಸಿದ್ಳು,” ಅಂದಳು ಅಜ್ಜಿ.

ಅಜ್ಜಿ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಏಳು ದಿನದ ಪೂರ್ತಿ ಔಷಧಿ ತಿಂದೂ ಹೀಗಾಗಿದೆ ಎಂದರೆ ಈ ಔಷಧಿ ಇವಳಿಗೆ ನಾಟಲೇ ಇಲ್ಲ, ಬೇರೆಯದೇ ಕೊಡಬೇಕು, ಇಲ್ಲಿ ಇಟ್ಟುಕೊಳ್ಳಲು ಧೈರ್ಯವಿಲ್ಲ, ಮಂಗಳೂರಿಗೆ ಕಳಿಸಬೇಕಾದೀತು ಎಂದು ಡಾಕ್ಟರು ಕಾಂಪೌಂಡರನ ಹತ್ತಿರ ಹೇಳತೊಡಗಿದರು. ನನಗೆ ಅಷ್ಟೂ ಅರ್ಥವಾಗಲಿಲ್ಲ. ಅವರು ತಪ್ಪು ಲೆಕ್ಕದ ಮೇಲೆ ಏನೋ ಮಾಡಲು ಹೊರಟಿದ್ದಾರೆ ಎಂಬುದಷ್ಟು ಅರ್ಥವಾಯಿತು. ಚೀಲದಿಂದ ಡಬ್ಬಿ ತೆಗೆದು ಅವರ ಮೇಜಿನ ಮೇಲೆ ಬೋರಲು ಹಾಕಿದೆ. ಹತ್ತಾರು ಬಣ್ಣದ ಗುಳಿಗೆಗಳು ಉರುಳಿ ಕೆಲವು ನೆಲಕ್ಕೆ ಬಿದ್ದವು. ಅವುಗಳ ನಡುವೆ ಅವ್ವನ ಎರಡು ಗುಳಿಗೆ ಇದ್ದವು.

“ಅವ್ವ ಎಂಟೇ ತಕಂಡದ್ದು,” ಅಂದೆ. “ನಾಲ್ಕು ಬೇರೆಯವರಿಗೆ ಕೊಟ್ಟಾತು. ಎರಡು ಇಲ್ಲಿ ಅದೆ. ಮತ್ತೆ ಈ ಗೆರೆ ನಿಮ್ಮದಲ್ಲ. ನಾ ಎಳೆದದ್ದು. ಎರಡು ಸಲ.”

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೆನ್ನೆಗೆ ಬೀಳುವ ಏಟಿಗಾಗಿ ನಾನು ಕಣ್ಣು ಮುಚ್ಚಿ ನಿಂತೆ. ಡಾಕ್ಟರು ಹೊಡೆಯಲಿಲ್ಲ, ಬೈಯಲಿಲ್ಲ. ಕೈದೀಪ ಹಿಡಿದು ಅವ್ವನ ಹರಡಿನಲ್ಲಿ ಮಾಸಿದ ಗೆರೆಯನ್ನು ಹುಡುಕಿದರು, ಕೆಂಪು ಅದನ್ನು ದಾಟಿದ್ದು ಯಾವತ್ತು ಎಂದು ಕೇಳಿದರು. ಮೊನ್ನೆ ಬೆಳಿಗ್ಗೆ ಎಂದೆ. ಕೊನೆಯ ಗುಳಿಗೆ ತಿಂದದ್ದು ಯಾವತ್ತು, ಎಷ್ಟು ಹೊತ್ತಿಗೆ, ಎಂದು ಕೇಳಿದರು. ಗೋಡೆಯ ಗೀಟುಗಳು ನನ್ನ ಕಣ್ಣ ಮುಂದೆ ಇದ್ದವು, ಎಲ್ಲ ಹೇಳಿದೆ. ಎಲ್ಲವನ್ನೂ ಬರೆದುಕೊಂಡು, ಇದು ಮೊದಲೇ ಗೊತ್ತಾಗಬೇಕಿತ್ತು, ಈಗಲಾದರೂ ಗೊತ್ತಾಯಿತು ಎಂದರು. ಔಷಧಿ ಸೋತದ್ದಲ್ಲ, ಅರ್ಧಕ್ಕೆ ನಿಲ್ಲಿಸಿದ್ದರಿಂದ ಸಾಯದೆ ಉಳಿದ ರೋಗ ಮತ್ತೆ ಎದ್ದಿರಬೇಕು ಎಂದು ಅಜ್ಜಿಗೆ ವಿವರಿಸಿದರು. ಅಜ್ಜಿ ನೆಲದ ಮೇಲೆ ಬಿದ್ದಿದ್ದ ಗುಳಿಗೆಗಳನ್ನು ಆರಿಸುತ್ತಿದ್ದವಳು, ಆ ಮಾತು ಕೇಳಿ, ಆರಿಸಿದ್ದನ್ನು ಮತ್ತೆ ಅಲ್ಲೇ ಬಿಟ್ಟಳು.

ಅವ್ವ ಕುಮಟೆಯ ಆಸ್ಪತ್ರೆಯಲ್ಲೇ ಹನ್ನೊಂದು ದಿನ ಇದ್ದಳು, ಕೈಗೆ ಚುಚ್ಚಿದ ನಳಿಗೆಯಲ್ಲಿ ಔಷಧಿ ಹನಿಹನಿಯಾಗಿ ಇಳಿಯುತ್ತಿತ್ತು. ಮಲ್ಪೆಯಿಂದ ಬಂದ ಅಪ್ಪ ಬಾಗಿಲ ಹೊರಗೆ ಕುಳಿತು ಯಾರೊಂದಿಗೂ ಮಾತಾಡದೆ ಬೀಡಿ ಸೇದುತ್ತಿದ್ದ. ಕಿರುಬೆರಳನ್ನು ತೆಗೆದರು. ಪಾದ ಉಳಿಯಿತು, ಕಾಲು ಉಳಿಯಿತು, ಅವ್ವ ಉಳಿದಳು. ಆ ಒಂದು ಬೆರಳು ನನ್ನ ಲೆಕ್ಕಕ್ಕೆ ಎಂದು ನಾನು ಆಗಲೇ ತೀರ್ಮಾನಿಸಿಬಿಟ್ಟಿದ್ದೆ. ಯಾರೂ ಹಾಗೆ ಹೇಳಲಿಲ್ಲ, ಹೇಳಿದ್ದರೆ ಅತ್ತು ಹಗುರಾಗುತ್ತಿದ್ದೆನೇನೋ.

ಮನೆಗೆ ಬಂದ ಮೇಲೂ ಹತ್ತು ದಿನದ ಗುಳಿಗೆ ಇತ್ತು. ಈ ಸಲ ನೀರಿನ ಲೋಟ ಹಿಡಿದು ನಿಲ್ಲುವವಳು ಅಜ್ಜಿ. ಗೀಟು ಹಾಕಿದೆಯೋ ಇಲ್ಲವೋ ಎಂದು ದಿನಕ್ಕೆ ನಾಲ್ಕು ಸಲ ಕೇಳುವಳು. ಆ ನಡುವೆ ಸಂಕಷ್ಟಿ ಬಂತು. ನಮ್ಮ ಮನೆಯಲ್ಲಿ ಸಂಕಷ್ಟಿಯೆಂದರೆ ಹೆಂಗಸರು ಚಂದ್ರ ಕಾಣುವ ತನಕ ಏನೂ ತಿನ್ನುವುದಿಲ್ಲ. ಇಡಗುಂಜಿಗೆ ಹೇಳಿಕೊಂಡ ಹರಕೆ ಬೇರೆ ಇತ್ತು. ಅವ್ವ ಸ್ನಾನ ಮಾಡಿ ಉಪವಾಸಕ್ಕೆ ಕುಳಿತಳು. ಊಟವಿಲ್ಲದೆ ಬೆಳಗಿನ ಗುಳಿಗೆ ಹೇಗೆ ಎಂದು ನಾನು ಕೇಳಿದೆ. ಚಂದ್ರ ಬಂದ ಮೇಲೆ ಎರಡೂ ಒಟ್ಟಿಗೆ ತಿಂದರಾಯಿತು ಎಂದಳು ಅವ್ವ. ಎರಡು ಒಟ್ಟಿಗೆ ತಿನ್ನಬಾರದು ಎಂದೆ, ಈ ಸಲ ಗಟ್ಟಿಯಾಗಿ. ಅಜ್ಜಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಒಳಗೆ ಹೋದವಳು ಬಟ್ಟಲಲ್ಲಿ ಬಿಸಿ ಗಂಜಿ ತಂದು ಅವ್ವನ ಮುಂದೆ ಇಟ್ಟಳು. ಹುಟ್ಟಿದಾಗಿನಿಂದ ಒಂದೂ ಸಂಕಷ್ಟಿ ಬಿಟ್ಟವಳಲ್ಲ ಅಜ್ಜಿ.

“ಉಣ್ಣು ತಂಗಿ. ನಿನ್ನ ಪಾಲಿನ ಉಪಾಸ ನಾ ಮಾಡ್ತೆ. ಗಣಪತಿ ಹತ್ರ ನಾ ಹೇಳ್ಕಂತೆ.”

ಅವ್ವ ಉಂಡಳು. ಅಜ್ಜಿ ಅವತ್ತು ಚಂದ್ರ ಬಂದ ಮೇಲೂ ಊಟ ಮಾಡಲಿಲ್ಲ. ಅವ್ವನ ಪಾಲಿನದು ಇನ್ನೂ ಬಾಕಿ ಇದೆ ಎಂದು ಮರುದಿನ ಬೆಳಗಿನ ತನಕ ಹಾಗೇ ಇದ್ದಳು. ಡಬ್ಬಿ ಮತ್ತೆ ಒಲೆಯ ಮೇಲಿನ ಹಲಗೆ ಹತ್ತಿತು, ಅದರಲ್ಲಿ ಸಾಸಿವೆ ತುಂಬಿದ್ದಳು. ಗುಳಿಗೆ ಕೇಳಿಕೊಂಡು ಬಂದವರಿಗೆ ಬೆಲ್ಲ ನೀರು ಕೊಟ್ಟು, ಕುಮಟೆಗೆ ಹೋಗಿ ಎಂದು ಬೈದು ಕಳಿಸತೊಡಗಿದಳು.

ಅಜ್ಜಿ ಹೋಗಿ ಬಹಳ ಕಾಲವಾಯಿತು. ಅವ್ವ ಈಗ ಹೊನ್ನಾವರದಲ್ಲಿ ನನ್ನ ಜೊತೆ ಇದ್ದಾಳೆ. ಕಳೆದ ತಿಂಗಳು ಅವಳಿಗೆ ಉರಿಮೂತ್ರ, ಜ್ವರ. ಡಾಕ್ಟರು ದಿನಕ್ಕೆ ಎರಡರಂತೆ ಐದು ದಿನದ ಗುಳಿಗೆ ಕೊಟ್ಟರು. ಮೂರನೆಯ ದಿನ ಎಲ್ಲ ಸರಿಯಾಗಿ ಎದ್ದು ಕುಳಿತಿದ್ದಳು, ಆದರೂ ರಾತ್ರಿಯ ಗುಳಿಗೆ ಕೊಡುವ ಮೊದಲು ಉಳಿದದ್ದನ್ನು ಎರಡು ಸಲ ಎಣಿಸಿದೆ. ಪ್ರತಿ ಸಲವೂ ಎಣಿಸುತ್ತೇನೆ, ಮಕ್ಕಳಿಗೆ ಕೊಡುವಾಗಲೂ. ಅವ್ವ ಅದನ್ನು ನೋಡಿದಳು. ನಾಲ್ಕು ಬೆರಳಿನ ತನ್ನ ಪಾದವನ್ನು ಸೀರೆಯ ಒಳಗೆ ಎಳೆದುಕೊಂಡಳು. ಆಮೇಲೆ, ನಾನು ನಲವತ್ತು ವರ್ಷ ಹೊತ್ತು ತಿರುಗಿದ್ದಕ್ಕೆ ಕೈ ಹಾಕಿದಳು.

“ಆವತ್ತು ನೀ ಉಗುಳು ಹಚ್ಚಿ ಗೆರೆ ಉಜ್ಜುವಾಗ ನಾ ಎಚ್ಚರ ಇದ್ದೆ.”

ನಾನು ಗುಳಿಗೆಯ ಪೊಟ್ಟಣ ಕೆಳಗಿಟ್ಟು ಅವಳ ಪಕ್ಕದಲ್ಲಿ ಕುಳಿತೆ.

“ಎರಡು ಸಲವೂ ಎಚ್ಚರ ಇದ್ದೆ ಮಗಾ. ನೀ ಎಂತ ಮಾಡ್ತಿ ಅಂತ ಗೊತ್ತಾತು. ಕಾಲು ಕೊಯ್ತಾರೆ ಅಂತ ನಂಗೂ ಹೆದ್ರಿಕೆ. ನೀ ಗೆರೆ ಮೇಲೆ ಎಳೆದಿ, ನಾ ಕಣ್ಣು ಮುಚ್ಕಂಡೆ.”

ಆ ಮನೆಯ ಮೂವರೂ ಹೆದರಿದ್ದೆವು, ಮೂವರೂ ಸುಳ್ಳು ಹೇಳಿದ್ದೆವು, ಒಬ್ಬರಿಗೊಬ್ಬರು ಹೇಳಿಕೊಂಡಿದ್ದರೆ ಎರಡು ದಿನ ಮೊದಲೇ ಟೆಂಪೋ ಹತ್ತುತ್ತಿದ್ದೆವು. ನನಗೆ ಅಳು ಬಂತು. ಅವ್ವ ಗುಳಿಗೆ ನುಂಗಿ, ನೀರು ಕುಡಿದು, ನನ್ನ ಕಡೆ ತಿರುಗಿ ಮೊದಲಿನ ಹಾಗೆ ಬಾಯಿ ತೆರೆದು ತೋರಿಸಿದಳು. ನಾನು ಎದ್ದುಹೋಗಿ ಕ್ಯಾಲೆಂಡರಿನಲ್ಲಿ ಆರನೆಯ ಗೀಟು ಹಾಕಿದೆ.